ಪೀಣ್ಯದ ಲೇಸರ್ ಕಟಿಂಗ್ ಶೆಡ್ಡು: ಕಟಿಂಗ್‌ಗೆ ನಾಲ್ಕು ಸ್ಟಾರು, ಮಾತಿಗೆ ಎರಡು

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸರು ಹಾಕಲ್ಲ. ಬೈಯೋದೂ ಇದೆ ಹೊಗಳೋದೂ ಇದೆ, ಪಾಪ ಅವರ ಹೊಟ್ಟೆ ಮೇಲೆ ಹೊಡೆಯೋದು ಬೇಡ. ಪೀಣ್ಯದಲ್ಲಿರೋ ಒಂದು ಲೇಸರ್ ಕಟಿಂಗ್ ಜಾಬ್ ವರ್ಕ್ ಶೆಡ್ಡು ಅಂತ ಇಟ್ಕೊಳಿ. ಅಂಥವು ಅಲ್ಲಿ ಬೇಕಾದಷ್ಟಿವೆ, ನೀವು ಯಾರ ಹತ್ರ ಹೋದ್ರೂ ಇದರಲ್ಲಿ ಅರ್ಧ ನಿಮಗೂ ಆಗತ್ತೆ.

ನಾವು ನಾಲ್ಕು ಜನ. ಒಬ್ಬ ಸಾಫ್ಟ್‌ವೇರು, ಒಬ್ಬಂದು ಬೇಕರಿ, ಒಬ್ಬ ಡಿಪ್ಲೊಮಾ ಕಾಲೇಜಲ್ಲಿ ಮೇಷ್ಟ್ರು, ನಾನು ಬ್ಯಾಂಕು. ಭಾನುವಾರ ಬೆಳಿಗ್ಗೆ ಮಹಾಲಕ್ಷ್ಮಿ ಲೇಔಟಲ್ಲಿ ಮೇಷ್ಟ್ರ ಮನೆ ಹಿಂದಿರೋ ತಗಡಿನ ಶೆಡ್ಡಲ್ಲಿ ಸೇರ್ತೀವಿ, ಮೊದ್ಲು ಅಲ್ಲಿ ಹಸು ಇತ್ತಂತೆ, ಆಮೇಲೆ ಸ್ಕೂಟರು, ಈಗ ನಾವು. ಅವನ ಅಪ್ಪ ಎಚ್‌ಎಂಟಿಯಲ್ಲಿ ಫಿಟರ್ ಆಗಿ ರಿಟೈರ್ ಆದೋರು. ಎಚ್‌ಎಂಟಿ ಅಂದ ತಕ್ಷಣ ನಾವೆಲ್ಲ ವಾಚು ಅಂತೀವಿ, ಅಂಕಲ್‌ಗೆ ಸಿಟ್ಟೇ ಬರತ್ತೆ, "ವಾಚು ಬಂದಿದ್ದು 1961ರಲ್ಲಿ ಕಣ್ರೋ, ಕಂಪನಿ ಶುರುವಾಗಿದ್ದು 1953ರಲ್ಲಿ, ಲೇತ್ ಮಾಡಕ್ಕೆ" ಅಂತಾರೆ. ಅವರು ಮೂಲೆಯಲ್ಲಿ ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು ಪೇಪರ್ ಓದ್ತಾ ಕೂತಿರ್ತಾರೆ, ನಾವು ತಪ್ಪು ಮಾಡೋವರೆಗೂ ಬಾಯಿ ಬಿಡಲ್ಲ, ಮಾಡಿದ್ಮೇಲೆ ಬಿಡ್ತಾರೆ.

ಈ ವರ್ಷದ ಕೆಲಸ ಬೆಲ್ಟ್ ಗ್ರೈಂಡರ್. ಎರಡು ಇಂಚು ಅಗಲ, 72 ಇಂಚು ಉದ್ದದ ಬೆಲ್ಟ್ ಓಡೋ ಮಷೀನು, ಚಾಕು ಮಾಡೋರು ಹೆಚ್ಚಾಗಿ ಇದನ್ನೇ ಇಟ್ಕೊಂಡಿರ್ತಾರೆ. ಉಳಿ, ಮಚ್ಚು, ಲೇತ್ ಟೂಲು, ಏನ್ ಬೇಕಾದ್ರೂ ಸಾಣೆ ಹಿಡೀಬಹುದು, ವೆಲ್ಡಿಂಗ್ ಮಾಡಿದ್ದನ್ನ ನೈಸ್ ಮಾಡ್ಬಹುದು. ಹೊರಗಡೆಯಿಂದ ತರಿಸೋಣ ಅಂತ ರೇಟ್ ನೋಡಿದ್ವಿ, ಬೇಕರಿಯವ್ನು ಕಾಫಿ ಲೋಟ ಕೆಳಗಿಟ್ಟ. ಸರಿ, ನಾವೇ ಮಾಡೋಣ, ಒಂದು ಮಾಡೋ ಬದಲು ನಾಲ್ಕು ಮಾಡೋಣ, ಮನೆಗೊಂದು ಅಂತ ಆಯ್ತು. ಫ್ರೇಮ್ ಪೂರ್ತಿ 10 ಎಂಎಂ ಎಂಎಸ್ ಪ್ಲೇಟು, ಎಂಎಸ್ ಅಂದ್ರೆ ಮೈಲ್ಡ್ ಸ್ಟೀಲು, ಮಾಮೂಲಿ ಕಬ್ಬಿಣ. ಇದನ್ನ ಹ್ಯಾಂಡ್ ಗ್ರೈಂಡರಲ್ಲಿ ಕೊಯ್ಯೋಕೆ ಕೂತ್ರೆ ದೀಪಾವಳಿ ಬರತ್ತೆ, ಪಕ್ಕದ ಮನೆಯವರು ಪೊಲೀಸರಿಗೂ ಫೋನ್ ಮಾಡ್ತಾರೆ, ಅದಕ್ಕೇ ಲೇಸರ್.

ಡ್ರಾಯಿಂಗ್ ಸಾಫ್ಟ್‌ವೇರಿನವನ ಜವಾಬ್ದಾರಿ. ಇಂಟರ್ನೆಟ್ಟಲ್ಲಿ ಸಿಕ್ಕಿದ ಒಂದು ಡಿಸೈನ್ ಇಟ್ಕೊಂಡು ತಿದ್ದಿ ಡಿಎಕ್ಸ್‌ಎಫ್ ಫೈಲ್ (ಕಟಿಂಗ್ ಮಷೀನ್‌ಗೆ ಕೊಡೋ ಡ್ರಾಯಿಂಗು) ವಾಟ್ಸಪ್ಪಲ್ಲಿ ಕಳಿಸಿದ. ಮಾರನೇ ದಿನ ಶೆಡ್ಡಿಂದ ಫೋನು, ಆಪರೇಟರ್ ಹುಡುಗ ತುಂಬಾ ಮರ್ಯಾದೆಯಿಂದ "ಸಾರ್, ಇದು ಕೀ ಚೈನಾ?" ಅಂತ ಕೇಳ್ದ. ವಿಷಯ ಏನಂದ್ರೆ ಡ್ರಾಯಿಂಗ್ ಇಂಚಲ್ಲಿತ್ತು, ಅವ್ರು ಓಪನ್ ಮಾಡಿದ್ದು ಮಿಲಿಮೀಟರಲ್ಲಿ, 16 ಇಂಚಿನ ಬೇಸ್ ಪ್ಲೇಟು ಅವರ ಸ್ಕ್ರೀನಲ್ಲಿ 16 ಎಂಎಂ ಆಗಿ ಕೂತಿತ್ತು. ಆ ಹುಡುಗ ಕೇಳ್ದೆ ಹಂಗೇ ಕಟ್ ಮಾಡಿದ್ರೆ ಇವತ್ತು ನಮ್ಮ ನಾಲ್ಕೂ ಜನರ ಗಾಡಿ ಕೀಗೆ ಒಂದೊಂದು ಗ್ರೈಂಡರ್ ನೇತಾಡ್ತಿತ್ತು. ಇದಕ್ಕೆ ಫುಲ್ ಮಾರ್ಕ್ಸು. ಆದ್ರೆ ಅವ್ರು ಕೇಳಿದ್ದು ಇದೊಂದೇ, ಆಮೇಲೆ ಕೇಳ್ಬೇಕಾದ ಯಾವುದನ್ನೂ ಕೇಳ್ಲಿಲ್ಲ.

ರೇಟ್ ಲೆಕ್ಕ ಸ್ವಲ್ಪ ಗೊಂದಲ, ಅದಕ್ಕೆ ಬಿಡಿಸಿ ಹೇಳ್ತೀನಿ. ಪ್ಲೇಟಿಗೆ ಕೆಜಿ ಲೆಕ್ಕ, ಕಟಿಂಗ್‌ಗೆ ಎಷ್ಟು ಮೀಟರ್ ಕೊಯ್ದ್ರು ಅನ್ನೋ ಲೆಕ್ಕ, ಜೊತೆಗೆ ಲೇಸರ್ ಪ್ಲೇಟನ್ನ ಎಷ್ಟು ಸಲ ತೂತು ಮಾಡಿ ಒಳಗೆ ಇಳೀಬೇಕೋ ಅಷ್ಟಕ್ಕೆ ಪಿಯರ್ಸಿಂಗ್ ಚಾರ್ಜು. ಅಂದ್ರೆ ಸಣ್ಣ ಸಣ್ಣ ತೂತು ಜಾಸ್ತಿ ಇದ್ದಷ್ಟೂ ಬಿಲ್ಲು ಏರತ್ತೆ. ನಮಗೆ ಒಂದು ಸೆಟ್ಟು ಹತ್ತಿರ ಹತ್ತಿರ 24 ಕೆಜಿ, ನಾಲ್ಕಕ್ಕೆ 96 ಕೆಜಿ, ಜಿಎಸ್‌ಟಿ ಸೇರಿ 12,600 ರೂಪಾಯಿ ಆಯ್ತು, ತಲೆಗೆ 3,150. ನನ್ನ ಪ್ರಕಾರ ಇದು ದುಬಾರಿ ಅಲ್ವೇ ಅಲ್ಲ. ಒಂದು ಮಾತು, ತೂಕದ ಲೆಕ್ಕದಲ್ಲಿ ಪಾರ್ಟಿನ ಸುತ್ತ ಉಳಿಯೋ ತುಂಡಿಗೂ ನಾವೇ ದುಡ್ಡು ಕೊಟ್ಟಿರ್ತೀವಿ, ಅದನ್ನ ಕೇಳಿ ತಗೊಳ್ಳಿ. ನಾವು ಕೇಳೋ ಹೊತ್ತಿಗೆ ಅರ್ಧ ಗುಜರಿ ರಾಶಿ ಸೇರಿತ್ತು, ಮಿಕ್ಕಿದ್ದು ಹೊತ್ಕೊಂಡು ಬಂದ್ವಿ, ಮೋಟರ್ ಬ್ರಾಕೆಟ್ಟಿಗೆಲ್ಲ ಅದೇ ಆಯ್ತು.

ಕಟಿಂಗ್ ಬಗ್ಗೆ ಎರಡು ಮಾತಿಲ್ಲ. ಗೆರೆ ಎಳೆದ ಹಂಗೆ ಬಂದಿದೆ, ಎರಡು ಸೈಡ್ ಪ್ಲೇಟ್ ಒಂದರ ಮೇಲೊಂದು ಇಟ್ಟು ಬೆರಳಾಡಿಸಿದ್ರೆ ಅಂಚು ಎಲ್ಲಿ ಅಂತ ಗೊತ್ತಾಗಲ್ಲ. ಕೆಳಗಡೆ ಅಂಚಲ್ಲಿ ಸ್ವಲ್ಪ ಬರ್, ಅಂದ್ರೆ ಚೂಪು ತರಿ ಇತ್ತು, ಫ್ಲಾಪ್ ಡಿಸ್ಕಲ್ಲಿ ಉಜ್ಜಿದ್ರೆ ಹೋಯ್ತು. ಅಂಕಲ್ ಒಂದು ಪೀಸ್ ಎತ್ಕೊಂಡು ಮೂಲಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡಿದ್ರು, ಏನೂ ಹೇಳ್ದೆ ವಾಪಸ್ ಇಟ್ರು. ಅವರ ಕಡೆಯಿಂದ ಅದು ದೊಡ್ಡ ಸರ್ಟಿಫಿಕೇಟು.

ಈಗ ಬೈಗುಳ. ಪ್ಲೇಟುಗಳಲ್ಲಿ ಎಂ8, ಅಂದ್ರೆ 8 ಎಂಎಂ ಬೋಲ್ಟಿಗೆ ಥ್ರೆಡ್ ಹೊಡೆಯೋಕೆ 6.8 ಎಂಎಂ ತೂತುಗಳು ಬೇಕಿತ್ತು, ನಾವು ಡ್ರಾಯಿಂಗಲ್ಲೇ ಹಾಕಿದ್ವಿ, ಅವ್ರು ಹಂಗೇ ಕಟ್ ಮಾಡಿ ಕೊಟ್ರು. ಭಾನುವಾರ ಟ್ಯಾಪ್ (ತೂತಲ್ಲಿ ಥ್ರೆಡ್ ಕೊರೆಯೋ ಟೂಲು) ಹಿಡ್ಕೊಂಡು ಶುರು ಮಾಡಿದ್ವಿ, ಮೊದಲನೇ ತೂತಲ್ಲೇ ಟ್ಯಾಪ್ ಕಿರ್ರ್ ಅಂತು, ಎರಡನೇದರಲ್ಲಿ ಟಪ್ ಅಂತ ಮುರೀತು, ಇನ್ನೊಂದು ತಂದ್ವಿ ಅದೂ ಹೋಯ್ತು. ಅಂಕಲ್ ಪೇಪರ್ ಮಡಚಿಟ್ಟು ಎದ್ದು ಬಂದ್ರು. "ಲೇಸರ್ ಸುಟ್ಟ ಅಂಚು ಕಣ್ರೋ ಅದು, ಕುಲುಮೆಯಿಂದ ತೆಗೆದು ನೀರಿಗೆ ಅದ್ದಿದ ಹಂಗಾಗಿರತ್ತೆ" ಅಂದ್ರು. ನಿಜಾನೇ, ದಪ್ಪ ಎಂಎಸ್‌ನ ಸಾಮಾನ್ಯವಾಗಿ ಆಕ್ಸಿಜನ್ ಊದಿ ಕೊಯ್ತಾರೆ, ಅಂಚು ಕರಗಿ, ಸುತ್ತಲಿನ ತಣ್ಣಗಿರೋ ಕಬ್ಬಿಣ ಆ ಬಿಸಿ ಎಳ್ಕೊಂಡು ತಕ್ಷಣ ಆರಿಬಿಡತ್ತೆ, ಅಲ್ಲಿ ತೆಳುವಾಗಿ ಒಂದು ಗಟ್ಟಿ ಚರ್ಮ ಕೂರತ್ತೆ. ಸಾಲದ್ದಕ್ಕೆ ಪ್ಲೇಟಿನ ದಪ್ಪಕ್ಕಿಂತ ಚಿಕ್ಕ ತೂತು ಲೇಸರಲ್ಲಿ ಸರಿಯಾಗಿ ಬರೋದು ಕಷ್ಟ, ಮೇಲೊಂದು ಸೈಜು ಕೆಳಗೊಂದು ಸೈಜು ಆಗಿತ್ತು. 10 ಎಂಎಂ ಪ್ಲೇಟಲ್ಲಿ 6.8 ಎಂಎಂ ತೂತು ಕೇಳಿದ್ದು ನಮ್ದೇ ದಡ್ಡತನ, ಒಪ್ತೀನಿ. ಆದ್ರೆ ದಿನಾ ಇದೇ ಕೆಲಸ ಮಾಡೋರು "ಸಾರ್ ಇದಕ್ಕೆ ಟ್ಯಾಪ್ ಹೊಡೀತೀರಾ? ಹಂಗಾದ್ರೆ ಬರೀ ಮಾರ್ಕಿಂಗ್ ಮಾಡ್ಕೊಡ್ತೀವಿ, ನೀವೇ ಡ್ರಿಲ್ ಮಾಡ್ಕೊಳ್ಳಿ" ಅಂತ ಒಂದು ಮಾತು ಹೇಳ್ಬಹುದಿತ್ತಲ್ವಾ? ಫೋನ್ ಮಾಡಿ ಕೇಳಿದ್ರೆ ಓನರ್ "ನೀವು ಕೊಟ್ಟಿದ್ದು ಕಟ್ ಮಾಡಿದೀವಿ ಸಾರ್" ಅಂದ್ರು. ಮಾತಿಗೆ ಎರಡೇ ಸ್ಟಾರ್ ಕೊಟ್ಟಿದ್ದು ಇದಕ್ಕೇ.

ಪರಿಹಾರ ಅಂಕಲ್ಲೇ ಹೇಳಿದ್ರು. ಎಂ8 ಬಿಡಿ, ಎಂ10ಗೆ ಹೋಗಿ. 8.5 ಎಂಎಂ ಡ್ರಿಲ್ ಹಾಕಿದ್ರೆ ಆ ಗಟ್ಟಿ ಚರ್ಮನೆಲ್ಲ ಕೆರ್ಕೊಂಡು ಕೆಳಗಿರೋ ಮೆತ್ತನೆ ಕಬ್ಬಿಣ ಸಿಗತ್ತೆ, ಟ್ಯಾಪು ಬೆಣ್ಣೆಗೆ ಇಳಿದ ಹಂಗೆ ಇಳಿಯತ್ತೆ ಅಂತ. ಸ್ಪೀಡ್ ಕಡಿಮೆ ಇಟ್ಟು, ಎಣ್ಣೆ ಬಿಟ್ಕೊಂಡು, ನಾಲ್ಕು ಸೆಟ್ಟಿನ ತೂತುಗಳನ್ನೆಲ್ಲ ಮತ್ತೆ ಕೊರೆಯೋಕೆ ಎರಡು ಭಾನುವಾರ ಹೋಯ್ತು. ಡ್ರಿಲ್ ಬಿಟ್‌ಗೆ ಮೂರು ಸಲ ಸಾಣೆ ಹಿಡಿದ್ವಿ. ಸಾಣೆ ಹಿಡಿಯೋ ಮಷೀನ್ ಮಾಡೋಕೇ ಸಾಣೆ ಹಿಡೀತಿದೀವಲ್ಲ ಅಂತ ಬೇಕರಿಯವ್ನು ನಗ್ತಿದ್ದ. ಅವನು ತರೋ ಖಾರಾ ಬನ್ ಇಲ್ದಿದ್ರೆ ಈ ಪ್ರಾಜೆಕ್ಟ್ ಅವತ್ತೇ ಮುಗೀತಿತ್ತು, ಅದನ್ನೂ ಹೇಳ್ಬೇಕು.

ಡೆಲಿವರಿ ವಿಷಯ: ಗುರುವಾರ ಅಂದ್ರು, ಸಿಕ್ಕಿದ್ದು ಮುಂದಿನ ಮಂಗಳವಾರ. ದೊಡ್ಡ ಆರ್ಡರ್ ಬಂದ್ರೆ ನಮ್ಮಂಥೋರ ಫೈಲು ಕೆಳಗೆ ಹೋಗತ್ತೆ, ಅದು ಅರ್ಥ ಆಗತ್ತೆ, ಆದ್ರೆ ಫೋನಾದ್ರೂ ಎತ್ಬೇಕಲ್ಲ. ತಂದು ಎಣಿಸಿದ್ರೆ ಒಂದು ಸ್ಪೇಸರ್ (ಎರಡು ಪ್ಲೇಟಿನ ನಡುವೆ ಇಡೋ ಸಣ್ಣ ಪೀಸು) ಕಮ್ಮಿ. ಸಣ್ಣ ಪೀಸುಗಳು ಕಟ್ ಆದ ತಕ್ಷಣ ಮಷೀನ್ ಕೆಳಗಿನ ಪಟ್ಟಿಗಳ ಸಂದಿಯಲ್ಲಿ ಬಿದ್ದು ಸ್ಕ್ರಾಪ್ ಸೇರ್ಬಿಡತ್ತೆ, ಅಲ್ಲೇ ನಿಂತು ಎಣಿಸಿಕೊಂಡೇ ಬನ್ನಿ. ಮತ್ತೆ ಹೋದಾಗ ಆ ಕೀ ಚೈನ್ ಹುಡುಗನೇ ಇನ್ನೊಂದು ಕಟ್ ಮಾಡಿ ಕೊಟ್ಟ, ದುಡ್ಡು ತಗೊಳ್ಲಿಲ್ಲ.

ಮಿಕ್ಕಿದ್ದು ಚಿಕ್ಕದಾಗಿ. ಬೆಲ್ಟ್ ಓಡೋ ಚಕ್ರಗಳನ್ನ ಪಕ್ಕದ ಇನ್ನೊಂದು ಲೇತ್ ಶಾಪಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿದ್ವಿ. ಮೇಲಿನ ಚಕ್ರ ನಡುವೆ ಸ್ವಲ್ಪ ಹೊಟ್ಟೆ ಉಬ್ಬಿರ್ಬೇಕು, ಹಳೇ ಹಿಟ್ಟಿನ ಗಿರಣಿಯ ಪುಲ್ಲಿ ನೋಡಿದ್ರೆ ಗೊತ್ತಾಗತ್ತೆ, ಬೆಲ್ಟು ಉಬ್ಬಿದ ಕಡೆಗೇ ಹತ್ತತ್ತೆ, ಅದಕ್ಕೇ ಪಕ್ಕಕ್ಕೆ ಜಾರಲ್ಲ. ಬೇರಿಂಗ್ 6203, ಎರಡೂ ಕಡೆ ರಬ್ಬರ್ ಸೀಲ್ ಇರೋದೇ ತಗೊಳ್ಳಿ, ಕಬ್ಬಿಣದ ಪುಡಿ ಒಳಗೆ ಹೋದ್ರೆ ಕಥೆ ಮುಗೀತು. ಮೋಟರು 2 ಎಚ್‌ಪಿ, ತ್ರೀ ಫೇಸ್, 2880 ಆರ್‌ಪಿಎಂ, ಪೂರ್ತಿ ಮುಚ್ಚಿರೋ ಬಾಡಿ. ಮನೇಲಿರೋದು ಸಿಂಗಲ್ ಫೇಸು, ಅದಕ್ಕೆ ನಡುವೆ ವಿಎಫ್‌ಡಿ ಹಾಕಿದ್ವಿ, ಸಿಂಗಲ್ ಫೇಸನ್ನ ತ್ರೀ ಫೇಸ್ ಮಾಡಿ ಮೋಟರ್ ಸ್ಪೀಡನ್ನೂ ಹೆಚ್ಚುಕಮ್ಮಿ ಮಾಡೋ ಡಬ್ಬ ಅದು, ಮೋಟರ್ ಡಬ್ಬದ ಒಳಗಿನ ಸ್ಟಾರ್ ಕನೆಕ್ಷನ್ನ ಡೆಲ್ಟಾಗೆ ಬದಲಾಯಿಸಬೇಕು, ಇದನ್ನ ಗೊತ್ತಿರೋರ ಕೈಲೇ ಮಾಡ್ಸಿ. 100 ಎಂಎಂ ಡ್ರೈವ್ ವೀಲಿಗೆ ಬೆಲ್ಟು ನಿಮಿಷಕ್ಕೆ ಸುಮಾರು 900 ಮೀಟರ್ ಓಡತ್ತೆ, ಚಾಕುವಿನ ಬಾಯಿಗೆ ಬಂದಾಗ ಕಮ್ಮಿ ಮಾಡ್ಕೊಬಹುದು. ಬೆಲ್ಟು ಎಸ್‌ಪಿ ರೋಡಲ್ಲಿ ಸಿಕ್ತು, ರೆಡಿ ಇರ್ಲಿಲ್ಲ, ಅಳತೆ ಹೇಳಿದ್ಮೇಲೆ ಜಾಯಿಂಟ್ ಹಾಕಿ ಕೊಟ್ರು. ಎಲ್ಲ ಸೇರಿ ತಲೆಗೆ 30 ಸಾವಿರದ ಹತ್ರ ಬಂತು.

ಮೊದಲನೇ ಗ್ರೈಂಡರ್ ಆನ್ ಮಾಡಿದ ದಿನ ಬೆಲ್ಟ್ ಹಾರಿ ಗೋಡೆಗೆ ಬಡೀತು, ಬೆಲ್ಟನ್ನ ಚಕ್ರದ ನಡುವೆ ನಿಲ್ಸೋ ಟ್ರ್ಯಾಕಿಂಗ್ ಸ್ಕ್ರೂ ಉಲ್ಟಾ ತಿರುಗಿಸಿದ್ದೆ, ನಾನೇ. ಎರಡನೇ ಸಲ ನಿಂತ್ಕೊಂಡು ಓಡ್ತು. ಆಂಟಿ ಒಳಗಿಂದ ಈಳಿಗೆಮಣೆ ತಂದು "ಮೊದ್ಲು ಇದನ್ನ ಮಾಡ್ಕೊಡ್ರಪ್ಪ" ಅಂದ್ರು. ಅದರ ಅಲಗು ಬಿಚ್ಚಿ ಅಂಕಲ್ಲೇ ಹಿಡಿದ್ರು, ಒಂದೊಂದು ಸಲ ಎಳೆದ್ಮೇಲೂ ನೀರಿಗೆ ಅದ್ದಿ ಅದ್ದಿ, ನಿಧಾನಕ್ಕೆ. ಸಂಜೆ ತೆಂಗಿನಕಾಯಿ ತುರಿಯೋಕೆ ಹೋಗಿ ಆಂಟಿ ಬೆರಳು ಕೊಯ್ಕೊಂಡ್ರು, ಬೈಗುಳ ನಾಲ್ಕೂ ಜನಕ್ಕೆ ಸಮನಾಗಿ ಹಂಚಿಕೆ ಆಯ್ತು. ಅದೇ ಮಷೀನಲ್ಲಿ ಅಲ್ಯೂಮಿನಿಯಂ ಮಾತ್ರ ಹಿಡೀಬೇಡಿ ದಯವಿಟ್ಟು, ಅದರ ಪುಡಿ ಕಬ್ಬಿಣದ ಪುಡಿ ಜೊತೆ ಸೇರಿದ್ಮೇಲೆ ಕಿಡಿ ಬಿದ್ರೆ ಹತ್ಕೊಂಡು ಉರಿಯತ್ತೆ.

ಶೆಡ್ಡಿಗೆ ಹೋಗೋರಿಗೆ: ಡ್ರಾಯಿಂಗ್ ಮಿಲಿಮೀಟರಲ್ಲಿ ಕೊಡಿ, ಒಂದು ಅಳತೆನ ಪೆನ್ನಲ್ಲಿ ಬರೆದು ಫೋಟೋನೂ ಕಳಿಸಿ. ಥ್ರೆಡ್ ಬರೋ ಕಡೆ ತೂತು ಬೇಡ, ಮಾರ್ಕಿಂಗ್ ಸಾಕು ಅಂತ ನೀವೇ ಬಾಯಿ ಬಿಟ್ಟು ಹೇಳಿ. ಸ್ಲೈಡ್ ಆಗೋ ಜಾಗದಲ್ಲಿ ಅರ್ಧ ಎಂಎಂ ಜಾಸ್ತಿ ಬಿಡಿ, ನಾವು 40 ಎಂಎಂ ಬಾರಿಗೆ ಸರಿಯಾಗಿ 40ಕ್ಕೇ ಮಾಡಿ ಅರ ಹಿಡ್ಕೊಂಡು ಒಂದು ಮಧ್ಯಾಹ್ನ ಉಜ್ಜಿದೀವಿ. ಶನಿವಾರ ಸಂಜೆ ಹೋಗ್ಬೇಡಿ, ಪಾರ್ಕಿಂಗ್ ಇಲ್ಲ, ರಸ್ತೆ ತುಂಬಾ ಲಾರಿ. ಮೆಟ್ರೋಲಿ ಹೋಗಿ ಆರ್ಡರ್ ಕೊಡಬಹುದು, ಆದ್ರೆ ಮಾಲು ತರೋಕೆ ಗಾಡಿ ಬೇಕೇ ಬೇಕು. ನಾವು 96 ಕೆಜಿ ಕಬ್ಬಿಣಾನ ಬೇಕರಿಯ ಓಮ್ನಿಯಲ್ಲಿ ತಂದ್ವಿ, ಮಾರನೇ ದಿನ ಬ್ರೆಡ್ಡಿಗೆ ಎಣ್ಣೆ ವಾಸನೆ ಅಂತ ಇಬ್ರು ಕಸ್ಟಮರ್ ವಾಪಸ್ ಕೊಟ್ರಂತೆ.