ಜಾರುಬಂಡೆಯ ಬಣ್ಣ ನೋಡಬೇಡಿ, ಅದರ ಕೆಳಗಿನ ನೆಲ ನೋಡಿ: ಮೊಮ್ಮಕ್ಕಳೊಂದಿಗೆ ಬಳಸಿದ ನಮ್ಮ ಬಡಾವಣೆಯ ಪಾರ್ಕು

ಐದಕ್ಕೆ ಮೂರೂವರೆ ಅಂಕ. ಆ ಅರ್ಧ ಅಂಕವೂ ಹೊಂಗೆ ಮರಗಳಿಗೆ ಸಲ್ಲಬೇಕು.

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಮನೆ. ಮಗಳು, ಅಳಿಯ ಇಬ್ಬರೂ ಕಚೇರಿಯಿಂದ ಬರುವುದು ತಡವಾಗುತ್ತದೆ. ಹಾಗಾಗಿ ಸಂಜೆ ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯುವುದು ನಿವೃತ್ತಳಾದ ನನ್ನ ಪಾಲಿನ ಕೆಲಸ. ಮೊಮ್ಮಗಳು ತಪ್ಪುಹೆಜ್ಜೆ ಇಡುತ್ತಿದ್ದಾಗ ಶುರುವಾದ ಈ ಹೋಗಿಬರುವಿಕೆ, ಅವಳ ತಮ್ಮ ಜಾರುಬಂಡೆಯನ್ನು ತಲೆಕೆಳಗಾಗಿ ಜಾರುವ ಈ ಹೊತ್ತಿನವರೆಗೂ ನಿಂತಿಲ್ಲ. ಸಣ್ಣ ಮಕ್ಕಳಿರುವ ಮನೆಯವರು ಪಾರ್ಕಿನ ಫೋಟೊ ನೋಡಿ ತೀರ್ಮಾನಿಸಬಾರದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೆಲದ ವಿಷಯ. ಆರಂಭದಲ್ಲಿ ಉಯ್ಯಾಲೆ, ಜಾರುಬಂಡೆಗಳ ಕೆಳಗೆ ಮರಳಿತ್ತು. ಮಕ್ಕಳು ಬೀಳುತ್ತಿದ್ದರು, ಏಳುತ್ತಿದ್ದರು, ಚಡ್ಡಿಯ ಜೇಬಿನ ತುಂಬ ಮರಳನ್ನು ಮನೆಗೆ ಹೊತ್ತು ತರುತ್ತಿದ್ದರು. ಆಮೇಲೆ ‘ಅಭಿವೃದ್ಧಿ’ ಬಂತು. ಮರಳು ಗಲೀಜು, ಬೆಕ್ಕುಗಳು ಕೆದಕುತ್ತವೆ ಎಂಬ ದೂರುಗಳಿದ್ದವು, ಅವು ಸುಳ್ಳೂ ಅಲ್ಲ. ಆದರೆ ಅದಕ್ಕೆ ಸಿಕ್ಕ ಪರಿಹಾರವೆಂದರೆ ಇಂಟರ್‌ಲಾಕ್ ಸಿಮೆಂಟ್ ಕಲ್ಲು! ಗುಡಿಸಲು ಸುಲಭ, ನೋಡಲು ಲಕ್ಷಣ. ಬಿದ್ದ ಮಗುವಿನ ಮೊಣಕಾಲಿಗೆ ಮಾತ್ರ ರಸ್ತೆಗೂ ಅದಕ್ಕೂ ವ್ಯತ್ಯಾಸವೇ ತಿಳಿಯದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ 4 ಅಡಿ ಎತ್ತರದಿಂದ ಬೀಳುವ ಮಗುವಿಗೆ ಕೆಳಗೆ ಕನಿಷ್ಠ 9 ಅಂಗುಲ ಸಡಿಲ ಮರಳು ಬೇಕು. ನಮ್ಮ ಜಾರುಬಂಡೆಯ ಮೆಟ್ಟಿಲ ತುದಿ ನನ್ನ ಭುಜದವರೆಗೆ ಬರುತ್ತದೆ. ಲೆಕ್ಕ ನೀವೇ ಹಾಕಿಕೊಳ್ಳಿ. ಅಜ್ಜ ಅಜ್ಜಿಯರೆಲ್ಲ ಸೇರಿ ಕೊಟ್ಟ ಅರ್ಜಿಗಳು ಒಂದು ಕಂತೆಯಾದ ಮೇಲೆ ಉಯ್ಯಾಲೆಯ ಕೆಳಗಷ್ಟೇ ಕಲ್ಲು ತೆಗೆದು ರಬ್ಬರ್ ಹಾಸು ಹಾಕಿದರು. ಅದು ಚೆನ್ನಾಗಿದೆ, ಮಳೆ ನಿಂತ ಅರ್ಧ ಗಂಟೆಯೊಳಗೆ ಆಡಬಹುದು. ಜಾರುಬಂಡೆ ಇಳಿಯುವ ಜಾಗದಲ್ಲಿ ಇನ್ನೂ ಕಲ್ಲೇ ಇದೆ. ಮೊಮ್ಮಗನ ತಲೆಕೆಳಗಿನ ಸಾಹಸಕ್ಕೆ ನಾನು ಅಡ್ಡ ನಿಲ್ಲುವುದು ಅದಕ್ಕೇ.

ಆಟದ ಸಾಮಾನುಗಳಲ್ಲಿ ಹಳೆಯ ಕಬ್ಬಿಣದ ಏಣಿಗೋಪುರ ಎಲ್ಲಕ್ಕಿಂತ ಗಟ್ಟಿ. ಬಣ್ಣ ಹೋಗಿದೆ, ಆದರೆ ಅಲುಗಾಡಿಲ್ಲ. ಹೊಸದಾಗಿ ಬಂದ ಫೈಬರ್ ಜಾರುಬಂಡೆ ಎರಡು ಬೇಸಿಗೆ ಕಾಣುವಷ್ಟರಲ್ಲಿ ಬಿಳಿಚಿಕೊಂಡಿತು. ಬಿಸಿಲಿಗೆ ಮೇಲ್ಪದರ ಸವೆದರೆ ಒಳಗಿನ ಗಾಜಿನ ಎಳೆಗಳು ಹೊರಗೆ ಬರುತ್ತವೆ, ತೊಡೆಗೆ ತಾಗಿದರೆ ತುರಿಕೆ. ಕೂರಿಸುವ ಮುನ್ನ ಅಂಗೈಯಿಂದ ಒಮ್ಮೆ ಸವರಿ ನೋಡಿ, ಒರಟಾಗಿದ್ದರೆ ಉದ್ದ ಪ್ಯಾಂಟ್ ಹಾಕಿರುವ ಮಗುವನ್ನು ಮಾತ್ರ ಬಿಡಿ. ತಗಡಿನ ಜಾರುಬಂಡೆ ಇರುವ ಪಾರ್ಕಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಸಂಜೆ ಐದರ ಮೊದಲು ಹತ್ತಿರ ಹೋಗಬೇಡಿ. ಉಯ್ಯಾಲೆಯ ಸರಪಳಿ ಮೇಲಿನ ಕೊಂಡಿಯಲ್ಲಿ ಸವೆಯುತ್ತದೆ. ಕಿರ್ರೆನ್ನುವ ಸದ್ದು ಹೆಚ್ಚಾದರೆ ತಲೆಯೆತ್ತಿ ಕೊಂಡಿ ನೋಡಬೇಕು. ನಮ್ಮ ಪಾರ್ಕಿನ ಮಾಲಿ ಈ ವಿಷಯದಲ್ಲಿ ಬಂಗಾರದಂಥ ಮನುಷ್ಯ. ಹೇಳಿದ ದಿನವೇ ಉಯ್ಯಾಲೆಯನ್ನು ಮೇಲಕ್ಕೆ ಸುತ್ತಿ ಕಟ್ಟಿಬಿಡುತ್ತಾರೆ. ರಿಪೇರಿಯವರು ಯಾವಾಗ ಬರುತ್ತಾರೆ ಎನ್ನುವುದು ಅವರ ಕೈಯಲ್ಲಿಲ್ಲ.

ಓಪನ್ ಜಿಮ್ ಬಗ್ಗೆ ಒಂದೇ ಮಾತು: ಅದನ್ನು ಮಕ್ಕಳ ಜಾಗದ ಪಕ್ಕದಲ್ಲಿ ಇಟ್ಟವರು ಮಕ್ಕಳ ಬೆರಳು ಎಲ್ಲೆಲ್ಲಿ ತೂರುತ್ತದೆ ಎಂದು ಯೋಚಿಸಿಲ್ಲ.

ಇನ್ನು ಹೊಂಗೆ. ಬೇಸಿಗೆಯಲ್ಲಿ ಬೇರೆ ಪಾರ್ಕುಗಳು ಬಾಣಲೆಯಾಗಿರುವಾಗ ನಮ್ಮದು ತಂಪಾಗಿರುವುದಕ್ಕೆ ಇದೇ ಕಾರಣ. ಸರಿಯಾಗಿ ಬಿಸಿಲೇರುವ ಹೊತ್ತಿಗೆ ಹೊಸ ಎಲೆ ಬಂದಿರುತ್ತದೆ, ಹೂ ಉದುರಿ ನೆಲವೆಲ್ಲ ತುಂಬಿರುತ್ತದೆ. ಮಕ್ಕಳು ಅದನ್ನು ಬಾಚಿ ‘ಅಡುಗೆ’ ಮಾಡುತ್ತಾರೆ. ಯಾವ ಗುತ್ತಿಗೆದಾರನೂ ಸರಬರಾಜು ಮಾಡಲಾಗದ ಆಟಿಕೆ ಇದು. ಮರದಡಿಯ ಕಲ್ಲುಬೆಂಚುಗಳಿಂದ ಆಟದ ಜಾಗ ನೇರವಾಗಿ ಕಾಣುತ್ತದೆ. ಮೊಣಕಾಲು ನೋವಿರುವ ನನ್ನಂಥವರಿಗೆ ಇದು ದೊಡ್ಡ ಅನುಕೂಲ.

ಈಗ ಜಗಳದ ವಿಷಯ. ಪಾರ್ಕಿನ ನಡುವೆ ಒಳ್ಳೆಯ ಹುಲ್ಲುಹಾಸಿದೆ, ಅದರ ನಡುವೆ ‘ಹುಲ್ಲಿನ ಮೇಲೆ ಓಡಾಡಬೇಡಿ’ ಎಂಬ ಫಲಕವಿದೆ. ಮಕ್ಕಳು ಚೆಂಡು ತಂದರೆ ವಾಕಿಂಗ್ ಹಿರಿಯರು ಗದರುತ್ತಾರೆ. ನಾನೂ ಹಿರಿಯಳೇ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಮಧುಮೇಹಕ್ಕೆ ನಡೆಯಲು ಸುತ್ತಲೂ ದಾರಿಯಿದೆ, ಓಡಲು ಮಕ್ಕಳಿಗೆ ಇನ್ನೆಲ್ಲಿ ಜಾಗವಿದೆ? ಬೀದಿಯಲ್ಲಿ ಕಾರುಗಳು, ಮನೆಯಲ್ಲಿ ಮೊಬೈಲು. ಸದ್ಯಕ್ಕೆ ಒಂದು ರಾಜಿಯಾಗಿದೆ. ಐದರಿಂದ ಆರೂವರೆವರೆಗೆ ರಬ್ಬರ್ ಚೆಂಡಿಗೆ ಅನುಮತಿ, ಕ್ರಿಕೆಟ್ ಬ್ಯಾಟಿಗೆ ಇಲ್ಲ. ಫಲಕ ಹಾಗೇ ಇದೆ, ಯಾರೂ ಓದುವುದಿಲ್ಲ.

ಬಾಗಿಲಿನ ಸಮಯ ಸುಧಾರಿಸಿದೆ. ಮೊದಲು ಮಧ್ಯಾಹ್ನವಿಡೀ ಬೀಗ. ರಜೆಯ ದಿನಗಳಲ್ಲಿ ಮಕ್ಕಳು ಕಂಬಿ ಹಿಡಿದು ಒಳಗಿನ ಉಯ್ಯಾಲೆ ನೋಡುತ್ತಾ ನಿಲ್ಲುತ್ತಿದ್ದರು. 2024ರಲ್ಲಿ ನಗರದ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಸರ್ಕಾರ ಹೇಳಿದ ಮೇಲೆ ನಮ್ಮಲ್ಲೂ ಬೀಗ ತೆಗೆದರು. ಶೌಚಾಲಯ ಇದೆ, ನೀರು ಬೆಳಿಗ್ಗೆ ಮಾತ್ರ. ಮಳೆಗಾಲದಲ್ಲಿ ಕಾರಂಜಿಯ ತೊಟ್ಟಿಯಲ್ಲಿ ನೀರು ನಿಂತು ಸೊಳ್ಳೆಯಾಗುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಮಕ್ಕಳಿಗೆ ಪೂರ್ಣ ತೋಳಿನ ಅಂಗಿ ಹಾಕಿಸಿ.

ದೊಡ್ಡ ಪಾರ್ಕುಗಳಿಗೆ ಹೋಲಿಸಿದರೆ ಹೇಗೆ? ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿನ ಮುಂದೆ ನಮ್ಮ ಪಾರ್ಕು ಸೋಲುತ್ತದೆ, ನಿಜ. ಭಾನುವಾರ ಆ ಉದ್ಯಾನದೊಳಗೆ ವಾಹನಗಳಿಗೆ ಪ್ರವೇಶವಿಲ್ಲ, ರಸ್ತೆಯಲ್ಲೇ ಮಕ್ಕಳು ಸೈಕಲ್ ಕಲಿಯುತ್ತಾರೆ. ದಣಿಯದ ಮಕ್ಕಳಾದರೆ ಪಕ್ಕದಲ್ಲೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಲಾಲ್‌ಬಾಗಿಗೆ ಉಯ್ಯಾಲೆಯ ಆಸೆಯಿಂದ ಹೋಗಬೇಡಿ, ಬಂಡೆಗಾಗಿ ಹೋಗಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆ ಹತ್ತುವುದು ಆರು ವರ್ಷದ ಮಗುವಿಗೆ ಹಿಮಾಲಯ ಹತ್ತಿದಷ್ಟೇ ಸಂಭ್ರಮ. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಬೇಡ, ಹೂವಿಗಿಂತ ಜನರ ಬೆನ್ನೇ ಹೆಚ್ಚು ಕಾಣುತ್ತದೆ. ಆದರೆ ಇವೆಲ್ಲ ತಿಂಗಳಿಗೊಮ್ಮೆಯ ಮಾತು. ಶಾಲೆಯಿಂದ ಬಂದು ಹಾಲು ಕುಡಿದು ಚಪ್ಪಲಿ ಮೆಟ್ಟಿ ಹೋಗುವ ಪಾರ್ಕು ನಡೆದು ಹೋಗುವಷ್ಟು ಹತ್ತಿರವಿರಬೇಕು.

ಆ ಹತ್ತಿರದ ಜಾಗ ಉಳಿದಿರುವುದೂ ತಾನಾಗಿ ಅಲ್ಲ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಲ್ಲದು ಎಂದಿತು. ನಮ್ಮ ಪಾರ್ಕಿನ ಮೂಲೆಯಲ್ಲಿ ಕಟ್ಟಡ ಏಳುತ್ತದೆಂಬ ಸುದ್ದಿ ಹಬ್ಬಿದಾಗ ಪಕ್ಕದ ಬೀದಿಯ ನಿವೃತ್ತ ವಕೀಲರು ಈ ತೀರ್ಪಿನ ಪ್ರತಿಯನ್ನು ವಾಕಿಂಗ್ ಗುಂಪಿನಲ್ಲಿ ಹಂಚಿದರು. ಚೆಂಡಿಗೆ ಗದರುತ್ತಿದ್ದವರೂ ಸಹಿ ಹಾಕಿದರು.

ಹೊಸದಾಗಿ ಬರುವವರಿಗೆ: ಎರಡರಿಂದ ನಾಲ್ಕು ವರ್ಷದ ಮಕ್ಕಳನ್ನು ಬೆಳಿಗ್ಗೆ ಏಳೂವರೆಗೆ ಕರೆತನ್ನಿ, ಆಗ ದೊಡ್ಡ ಹುಡುಗರ ನೂಕಾಟವಿಲ್ಲ, ನಲ್ಲಿಯಲ್ಲಿ ನೀರೂ ಇರುತ್ತದೆ. ಗಾಲಿಕುರ್ಚಿ ಅಥವಾ ಮಗುವಿನ ತಳ್ಳುಗಾಡಿ ಇದ್ದರೆ ಹಿಂದಿನ ಗೇಟಿಗೆ ಬನ್ನಿ, ಮುಂದಿನದು ಒಬ್ಬೊಬ್ಬರೇ ತಿರುಗಿ ನುಸುಳುವ ಗೇಟು. ಹತ್ತು ದಾಟಿದ ಮಕ್ಕಳಿಗೆ ಇಲ್ಲಿ ಮಾಡಲು ಏನೂ ಇಲ್ಲ, ಅವರನ್ನು ಮೈದಾನಕ್ಕೆ ಕಳುಹಿಸಿ.