ಮನೆಯಲ್ಲೇ ವ್ಯಾಯಾಮ: ನಾನು ಮಾಡಿ ನೋಡಿದ ಮೂರು ದಾರಿ

ನಮ್ಮ ತೋಟದ ಮನೆಯಿಂದ ದಿನಾ ಜಿಮ್‌ಗೆ ಹೋಗಿ ಬರುವುದು ಆಗದ ಮಾತು. ವಯಸ್ಸು ಐವತ್ತರ ಹತ್ತಿರ ಬಂದಿದೆ. ಮುಟ್ಟು ನಿಲ್ಲುವ ಸಮಯದಲ್ಲಿ ಈಸ್ಟ್ರೋಜೆನ್ ಇಳಿಯುತ್ತದೆ. ಆಗ ಕೊಬ್ಬು ಹೊಟ್ಟೆಯಲ್ಲಿ ಜಾಸ್ತಿ ಸೇರುತ್ತದೆ. ವಯಸ್ಸಿನ ಜೊತೆ ಸ್ನಾಯುವೂ ಕರಗುತ್ತದೆ. ನಮ್ಮ ದೇಶದ ಹೆಂಗಸರಿಗೆ ಹೊಟ್ಟೆಯ ಸುತ್ತಳತೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ನನ್ನದು ಅದನ್ನು ದಾಟಿತ್ತು. ಹಾಗಾಗಿ ಫೋನಿನಲ್ಲಿ ಸಿಗುವ ಮೂರು ಬಗೆಯ ವ್ಯಾಯಾಮ ಮಾಡಿ ನೋಡಿದೆ.

ಮೊದಲು ಬೆಳಿಗ್ಗೆ ಆರರ ಲೈವ್ ಕ್ಲಾಸ್. ಟೀಚರ್ ಬೆಂಗಳೂರಿನವರು. ನಾಲ್ಕು ಜನರ ಜೊತೆ ಮಾಡುವ ಖುಷಿಯೇ ಬೇರೆ, ಏಳಲು ಬೇಸರವೇ ಆಗುತ್ತಿರಲಿಲ್ಲ. ಆದರೆ ಜುಲೈ-ಆಗಸ್ಟ್‌ನ ಕಕ್ಕಡದ ಮಳೆ ಹಿಡಿದರೆ ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕಾಫಿ ಕುಯ್ಲು ಶುರುವಾದ ಮೇಲಂತೂ ಆ ಹೊತ್ತಿಗೆ ಅಡುಗೆಮನೆ ಬಿಟ್ಟು ಬರೋದಕ್ಕೆ ಆಗಲ್ಲ. ತಪ್ಪಿದ ಕ್ಲಾಸ್ ತಪ್ಪಿದ್ದೇ.

ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಉಚಿತ ವಿಡಿಯೊಗೆ ಆ ತೊಂದರೆ ಇಲ್ಲ. ದುಡ್ಡೂ ಬೇಡ. ಆದರೆ ನಾನು ಹಾಕಿಕೊಂಡವುಗಳಲ್ಲಿ ಹಾರುವುದು, ಕುಪ್ಪಳಿಸುವುದೇ ಜಾಸ್ತಿ. ನನ್ನ ಮಂಡಿ ಒಪ್ಪಲಿಲ್ಲ. ಒಂದು ವಾರ ಬಿಟ್ಟರೂ ಯಾಕೆ ಅಂತ ಕೇಳುವವರಿಲ್ಲ.

ಮೂರನೆಯದು ವಾರಕ್ಕೊಮ್ಮೆ ಫೋನ್ ಮಾಡುವ ಕೋಚ್. ನನ್ನ ಓಟು ಇವರಿಗೇ. ವ್ಯಾಯಾಮ ಹೇಳುವ ಮೊದಲು ಬಿಪಿ, ಥೈರಾಯ್ಡ್, ನಿದ್ದೆ, ಮಂಡಿ ನೋವು ಎಲ್ಲವನ್ನೂ ಕೇಳಿದರು. ಆಮೇಲೆ ವಾಟ್ಸಾಪ್‌ನಲ್ಲಿ ಪಟ್ಟಿ ಬಂತು: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಊರಿ ತಳ್ಳುವುದು, ರಬ್ಬರ್ ಬ್ಯಾಂಡ್ ಎಳೆಯುವುದು. ನಾನು ಮಾಡಿದ್ದನ್ನು ವಿಡಿಯೊ ಮಾಡಿ, ನೆಟ್‌ವರ್ಕ್ ಬಂದಾಗ ಕಳಿಸಿದರೆ ಸಾಕು. ಏಳುವಾಗ ಮಂಡಿ ಒಳಗೆ ವಾಲುತ್ತಿದೆ ಅಂತ ಅವರು ತಿದ್ದಿದ ಮೇಲೆ ನೋವೂ ಕಡಿಮೆಯಾಯಿತು.

ದಿನವಿಡೀ ತೋಟದಲ್ಲಿ ಓಡಾಡುತ್ತೇನಲ್ಲ, ಅದು ಸಾಲದಾ ಅಂತ ಕೇಳಿದೆ. ಓಡಾಟ ಒಳ್ಳೆಯದೇ, ಆದರೆ ಸ್ನಾಯು ಗಟ್ಟಿಯಾಗಬೇಕಾದರೆ ಅದಕ್ಕೆ ಬೀಳುವ ಭಾರ ನಿಧಾನವಾಗಿ ಹೆಚ್ಚುತ್ತಾ ಹೋಗಬೇಕು ಅಂದರು. ವಿಶ್ವ ಆರೋಗ್ಯ ಸಂಸ್ಥೆಯೂ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ 2 ದಿನವಾದರೂ ಸ್ನಾಯು ಬಲದ ವ್ಯಾಯಾಮ ಬೇಕು ಅನ್ನುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗವಂತೆ. ಮಳೆ ಬಿಟ್ಟಾಗ ತೋಟದ ದಾರಿಯ ಏರಿನಲ್ಲಿ ಇದನ್ನು ಸುಲಭವಾಗಿ ಪರೀಕ್ಷೆ ಮಾಡಬಹುದು.

ಊಟದ ವಿಷಯದಲ್ಲೂ ಅವರು ನಮ್ಮ ಮನೆಯನ್ನು ಅರ್ಥಮಾಡಿಕೊಂಡರು. ಬರೀ ವ್ಯಾಯಾಮದಿಂದ ತೂಕ ಇಳಿಯುವುದು ನಿಧಾನ ಅಂತ ಮೊದಲೇ ಹೇಳಿದ್ದರು. ಪಂದಿಕರಿ ಬಿಡಿ ಅನ್ನಲಿಲ್ಲ. ಕೊಬ್ಬಿನ ತುಂಡು ಬಿಟ್ಟು ತಿನ್ನಿ, ಅದರ ಜೊತೆಗಿನ ಅಕ್ಕಿ ಉಂಡೆ, ನಮ್ಮ ಕಡಂಬುಟ್ಟು, ಒಂದು ಕಡಿಮೆ ಮಾಡಿ, ಪಲ್ಯ ಜಾಸ್ತಿ ಹಾಕಿಕೊಳ್ಳಿ ಅಂದರು. ತಕ್ಕಡಿಯಲ್ಲಿ ತೂಕ ಸ್ವಲ್ಪವೇ ಇಳಿದಿದೆ. ಆದರೆ ಹೊಲಿಗೆ ಬಿಚ್ಚಿಸಿದ್ದ ರವಿಕೆಗಳನ್ನು ಮತ್ತೆ ಒಳಗೆ ಹೊಲಿಸಿದ್ದೇನೆ.

ಫೀಸು ಲೈವ್ ಕ್ಲಾಸಿಗಿಂತ ಜಾಸ್ತಿ, ಅದು ನಿಜ. ಮನೆಗೆ ಒಳ್ಳೆ ನೆಟ್ ಬರುತ್ತಿದ್ದು, ಬೆಳಿಗ್ಗೆ ಬಿಡುವಿದ್ದು, ಮಂಡಿ ಗಟ್ಟಿ ಇರುವವರು ಲೈವ್ ಕ್ಲಾಸಿಗೇ ಸೇರಬಹುದು. ಬಿಪಿ, ಶುಗರ್ ಇದ್ದರೆ ಯಾವುದಕ್ಕೆ ಸೇರುವ ಮೊದಲೂ ಡಾಕ್ಟರನ್ನು ಕೇಳಿ. ನನ್ನ ಓರಗಿತ್ತಿ ಹುತ್ತರಿ ಹಬ್ಬ ಮುಗಿಸಿ ಇದೇ ಕೋಚ್ ಹತ್ತಿರ ಸೇರುತ್ತಿದ್ದಾಳೆ. ಅವಳಿಗೆ ಭುಜ ನೋವು, ಹಾಗಾಗಿ ಅವಳ ಪಟ್ಟಿಯೇ ಬೇರೆ ಇರುತ್ತದೆ.