ಮರೆಯಲು ಬಾರದ ಕಪ್ಪು ಡಬ್ಬಿ: ಮನೆಯ ನ್ಯಾಸ್ ಜೊತೆ ನಾಲ್ಕೂವರೆ ವರ್ಷ

ಮೊದಲೇ ಹೇಳಿಬಿಡುತ್ತೇನೆ: ಈ ನಾಲ್ಕೂವರೆ ವರ್ಷಗಳಲ್ಲಿ ನಮ್ಮ ಮನೆಯ ನ್ಯಾಸ್ ಒಂದೇ ಒಂದು ಚಿತ್ರವನ್ನೂ ಕಳೆದಿಲ್ಲ. ನನ್ನ ದೂರು ಕೂಡ ಅದೇ.

ಕಂಪನಿಯ ಹೆಸರು ಬರೆಯುವುದಿಲ್ಲ. ಎರಡು ಡಿಸ್ಕ್ ಹಿಡಿಸುವ ಮನೆಬಳಕೆಯ ಪೆಟ್ಟಿಗೆಗಳೆಲ್ಲ ಒಂದೇ ತಾಯಿಯ ಮಕ್ಕಳಂತಿವೆ. ಒಂದರ ಗುಣದೋಷ ಹೆಚ್ಚುಕಡಿಮೆ ಎಲ್ಲಕ್ಕೂ ಅಂಟುತ್ತದೆ. ಪ್ರೊಸೆಸರ್, ಮೆಮೊರಿಯ ವಿವರ ಡಬ್ಬದ ಮೇಲೆಯೇ ಇದೆ, ಓದಿಕೊಳ್ಳಿ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ರೂಟರ್‌ಗೆ ತಂತಿಯಿಂದ ಜೋಡಿಸಿಡುವ ಪುಟ್ಟ ಪೆಟ್ಟಿಗೆ, ಒಳಗೆ ಎರಡು ಹಾರ್ಡ್ ಡಿಸ್ಕ್, ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆದಿರುತ್ತದೆ. ಮನೆಯವರ ಮೊಬೈಲುಗಳು ಹೊಸ್ತಿಲು ದಾಟಿ ಒಳಬಂದು ವೈಫೈ ಹಿಡಿದ ಕೂಡಲೇ ತಮ್ಮಲ್ಲಿರುವ ಹೊಸ ಚಿತ್ರಗಳನ್ನು ತಾವಾಗಿಯೇ ಇದಕ್ಕೆ ಒಪ್ಪಿಸುತ್ತವೆ. ಸಂಸ್ಕೃತದ ‘ನ್ಯಾಸ’ಕ್ಕೂ ನಂಬಿ ಇಟ್ಟ ಒಡವೆ ಎಂಬ ಅರ್ಥವಿದೆ. ಹೆಸರಿಟ್ಟವರಿಗೆ ಇದು ಗೊತ್ತಿರಲಾರದು.

ಕೊಂಡದ್ದು 2021ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಆ ವರ್ಷ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ ಮುಗಿದು, ಹೊಸ ಚಿತ್ರಗಳು 15 ಜಿಬಿಯ ಲೆಕ್ಕಕ್ಕೆ ಸೇರತೊಡಗಿದ್ದವು. 2 ಟಿಬಿ ಬೇಕೆಂದರೆ ವರ್ಷಕ್ಕೆ 6,500 ರೂಪಾಯಿ. ನಾನು ಸಾಗರದಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುವವನು. ಬಾಡಿಗೆ ಎಂದರೆ ನನಗೆ ಆಗಿಬರುವುದಿಲ್ಲ. ಪೆಟ್ಟಿಗೆ ಮತ್ತು 4 ಟಿಬಿಯ ಎರಡು ಡಿಸ್ಕ್‌ಗಳಿಗೆ 36 ಸಾವಿರ ಎಣಿಸಿಕೊಟ್ಟೆ. ಐದೂವರೆ ವರ್ಷ ಬಾಳಿದರೆ ಅಸಲು ಹುಟ್ಟುತ್ತದೆ. ಡಿಸ್ಕ್‌ಗಳ ವಾರಂಟಿ ಮೂರೇ ವರ್ಷ ಎಂಬುದನ್ನು ಆ ಲೆಕ್ಕದಲ್ಲಿ ಬೇಕೆಂದೇ ಸೇರಿಸಲಿಲ್ಲ. ಮನೆಗೆ ತಂದ ಮೇಲೆ ಯುಪಿಎಸ್ ಖರ್ಚು ಬೇರೆ. ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮತ್ತೆ ಹೋಗುವ ಆಟಕ್ಕೆ ಬರೆಯುತ್ತಿರುವ ಡಿಸ್ಕ್ ಸಿಕ್ಕಿಕೊಂಡರೆ ಮುಗಿಯಿತು. ಯುಎಸ್‌ಬಿ ತಂತಿ ಇರುವ ಯುಪಿಎಸ್ಸನ್ನೇ ಕೊಳ್ಳಿ. ಬ್ಯಾಟರಿ ತೀರುವ ಮೊದಲೇ ಅದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸಿ ಮರ್ಯಾದೆಯಿಂದ ಮಲಗಿಸುತ್ತದೆ.

ವಿದ್ಯುತ್ತಿನ ವಿಷಯ ಕೇಳುವವರಿಗೆ: ನನ್ನದು ಸುಮಾರು 18 ವ್ಯಾಟ್ ತಿನ್ನುತ್ತದೆ, ತಿಂಗಳಿಗೆ 13 ಯೂನಿಟ್. ಗೃಹಜ್ಯೋತಿಗೆ 2022–23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಲೆಕ್ಕ ಹಾಕಿದರಲ್ಲ, ಆ ವರ್ಷವಿಡೀ ಈ ಪೆಟ್ಟಿಗೆ ನಮ್ಮ ಮನೆಯಲ್ಲಿ ಓಡುತ್ತಲೇ ಇತ್ತು. ಹೀಗಾಗಿ ಅದರ ಊಟವೂ ಸರ್ಕಾರದ ಲೆಕ್ಕಕ್ಕೇ ಹೋಯಿತು. ನಾನು ಮಾಡಿದ ಹೂಡಿಕೆಗಳಲ್ಲಿ ಕಾಲ ಕೂಡಿಬಂದದ್ದು ಇದೊಂದೇ.

ಇನ್ನು ಅಮ್ಮನ ಸಂಜೆ. ಈ ಪೆಟ್ಟಿಗೆಯನ್ನು ನಾನು ನನ್ನ ದುಡ್ಡಿನಲ್ಲಿ ಕೊಂಡೆ, ಬಳಸುವವಳು ಅವಳು. ನಾಲ್ಕೂವರೆಗೆ ಕಷಾಯದ ಲೋಟ ಹಿಡಿದು ಟಿ.ವಿ. ಮುಂದೆ ಕೂರುತ್ತಾಳೆ. ರಿಮೋಟಿನಲ್ಲಿ ಚಿತ್ರಗಳ ಗುಂಡಿ ಒತ್ತಿದರೆ, ಮಲಗಿರುವ ಡಿಸ್ಕ್‌ಗಳು ಮೊದಲು ಕಟಕಟ ಎಂದು, ಆಮೇಲೆ ಸಣ್ಣಗೆ ಗುಂಯ್ ಎನ್ನುತ್ತ ತಿರುಗತೊಡಗುತ್ತವೆ. ಹತ್ತು ಹನ್ನೆರಡು ಸೆಕೆಂಡು ಬೇಕು. ಆ ಹೊತ್ತಿಗೆ ಸರಿಯಾಗಿ ಅವಳು “ಎದ್ದಿತು” ಎನ್ನುತ್ತಾಳೆ, ತೊಟ್ಟಿಲಿನ ಮಗುವಿನ ಬಗ್ಗೆ ಹೇಳುವ ಹಾಗೆ. ಆಮೇಲೆ ‘ಈ ದಿನ’ ಎಂಬ ವಿಭಾಗ: ಹಿಂದಿನ ವರ್ಷಗಳಲ್ಲಿ ಇದೇ ತಾರೀಖಿನಂದು ತೆಗೆದ ಚಿತ್ರಗಳು ಒಂದೊಂದಾಗಿ ಬರುತ್ತವೆ. ಅಡಿಕೆ ಸುಲಿಯುವ ರಾತ್ರಿ, ಕೊಟ್ಟಿಗೆಯಲ್ಲಿ ಹುಟ್ಟಿದ ಕರು, ನಾನು ಸ್ಕ್ಯಾನ್ ಮಾಡಿ ಸೇರಿಸಿದ ಅಪ್ಪನ ಹಳೆಯ ಕಪ್ಪುಬಿಳುಪು ಚಿತ್ರಗಳು. ಇಷ್ಟು ಇಷ್ಟವಾದ ವಸ್ತು ಬೆತ್ತಲೆಯಾಗಿ ಕೂತಿರಬಾರದೆಂದು ಕ್ರೋಶಾದಲ್ಲಿ ಒಂದು ಹೊದಿಕೆ ಹೆಣೆದು ಹಾಕಿದಳು. ಎರಡೇ ದಿನಕ್ಕೆ ‘ಡಿಸ್ಕ್ ಉಷ್ಣತೆ 54 ಡಿಗ್ರಿ’ ಎಂಬ ಎಚ್ಚರಿಕೆಯ ಇಮೇಲ್ ನನ್ನ ಕಚೇರಿಗೆ ಬಂತು. ಹೊದಿಕೆ ಈಗ ಮಿಕ್ಸಿಯ ಮೇಲಿದೆ. ಆಯುಧಪೂಜೆಯ ದಿನ ಮಾತ್ರ ನಾನು ಅಡ್ಡ ಬರುವುದಿಲ್ಲ. ಹಿಂದಿನ ಫ್ಯಾನಿನ ದೂಳು ಬಣ್ಣದ ಕುಂಚದಲ್ಲಿ ಕೊಡವುತ್ತೇನೆ, ಅವಳು ಕುಂಕುಮ ಇಡುತ್ತಾಳೆ. ಒಂದು ವರ್ಷ ಅದನ್ನು ಎರಡನೆಯ ಡಿಸ್ಕಿನ ದೀಪದ ಮೇಲೆಯೇ ಇಟ್ಟಿದ್ದರಿಂದ, ಡಿಸ್ಕೇ ಸತ್ತಿತೆಂದು ನಾನು ಅರ್ಧ ದಿನ ಬೆವರಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಐದು ನಕ್ಷತ್ರದ ವಿಮರ್ಶೆ.

2024ರ ಮೇ ಒಂಬತ್ತರ ಸಂಜೆ ತಂಗಿ ಊರಿಗೆ ಬಂದಿದ್ದಳು. ಅಮ್ಮ ಎಂದಿನಂತೆ ಗುಂಡಿ ಒತ್ತಿದಳು. ‘ಐದು ವರ್ಷಗಳ ಹಿಂದೆ ಈ ದಿನ’ ಎಂದು ನಲವತ್ಮೂರು ಇಂಚಿನ ತುಂಬ ತಂಗಿಯ ಮದುವೆ. ಧಾರೆ ಮಂಟಪ, ಹಾರ, ಅವನ ಮುಖ ದೊಡ್ಡದಾಗಿ. ಆ ಮದುವೆ ಮೂರು ವರ್ಷಕ್ಕೆ ಮುಗಿದು, ಕಾಗದಪತ್ರಗಳೂ ಮುಗಿದಿದ್ದವು. ಅಮ್ಮನಿಗೆ ಗಾಬರಿಯಲ್ಲಿ ರಿಮೋಟಿನ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಮುಂದಿನ ಚಿತ್ರ, ಅದರ ಮುಂದಿನ ಚಿತ್ರ ಬರುತ್ತಲೇ ಹೋದವು. ತಂಗಿ ಎದ್ದು ಗೋಡೆಯ ಸ್ವಿಚ್ಚನ್ನೇ ಆರಿಸಿದಳು. ರಾತ್ರಿ ಊಟವಾದ ಮೇಲೆ ನನ್ನ ಹತ್ತಿರ ಬಂದು, “ಅಣ್ಣ, ಅದನ್ನು ತೆಗೆದುಬಿಡು” ಎಂದಳು. “ಎರಡು ನಿಮಿಷದ ಕೆಲಸ” ಎಂದೆ.

ಮೂರು ಭಾನುವಾರ ಹಿಡಿಯಿತು. ಆ್ಯಪ್‌ನಲ್ಲಿ 1,140 ಚಿತ್ರ ಆರಿಸಿ ಅಳಿಸಿದೆ. ಅವು ಕಸದ ಬುಟ್ಟಿಗೆ ಹೋದವು. ಬುಟ್ಟಿ ಖಾಲಿ ಮಾಡಿದೆ. ಆದರೆ ಪೆಟ್ಟಿಗೆ ಪ್ರತಿರಾತ್ರಿ ತನ್ನ ಇಡೀ ಸ್ಥಿತಿಯ ಒಂದು ‘ಸ್ನ್ಯಾಪ್‌ಶಾಟ್’ ತೆಗೆದಿಡುತ್ತದೆ. ವೈರಸ್ ಬಂದು ಎಲ್ಲ ಕಡತಗಳನ್ನು ಕೆಡಿಸಿದರೂ ನಿನ್ನೆಯ ಸ್ಥಿತಿಗೆ ಮರಳಲು ಇರುವ ಸೌಲಭ್ಯ ಅದು, ಕೊಳ್ಳುವಾಗ ನಾನೇ ಹುಡುಕಿ ಆರಿಸಿದ್ದು. ಅದರೊಳಗಿನ ಒಂದು ಚಿತ್ರವನ್ನು ಮಾತ್ರ ಕಿತ್ತು ತೆಗೆಯಲು ಬರುವುದಿಲ್ಲ, ಓದಬಹುದು, ತಿದ್ದುವಂತಿಲ್ಲ. ಹಾಗಾಗಿ ಒಂದು ವರ್ಷದ ಸ್ನ್ಯಾಪ್‌ಶಾಟ್‌ಗಳನ್ನೆಲ್ಲ ಬಿಸಾಡಿದೆ. ಆಮೇಲೆ ನೆನಪಾದದ್ದು ಯುಎಸ್‌ಬಿ ಡಿಸ್ಕ್. ಮನೆಗೆ ಬೆಂಕಿ ಬಿದ್ದರೂ ಇರಲಿ ಎಂದು ಇನ್ನೊಂದು ಪ್ರತಿ ತೆಗೆದು ಶಿವಮೊಗ್ಗದಲ್ಲಿ ಮಾವನವರ ಬೀರುವಿನಲ್ಲಿ ಇಟ್ಟಿದ್ದೆ. ಬಸ್ಸು ಹತ್ತಿ ಹೋಗಿ ತಂದೆ. ಎಲ್ಲ ಮುಗಿಯಿತೆಂದುಕೊಂಡರೆ ‘ಜನರು’ ವಿಭಾಗದಲ್ಲಿ ಅವನ ಮುಖ ಹೆಬ್ಬೆರಳಿನಷ್ಟು ಗಾತ್ರದಲ್ಲಿ ಇನ್ನೂ ಕುಳಿತಿತ್ತು, ಕೆಳಗೆ ‘0 ಚಿತ್ರಗಳು’ ಎಂದು ಬರೆದುಕೊಂಡು.

ಜೂನ್ ಕೊನೆಯಲ್ಲಿ ಚಿತ್ರಗಳು ವಾಪಸು ಬಂದವು. ಅಮ್ಮ ತನ್ನ ಹಳೆಯ ಮೊಬೈಲನ್ನು ಭಜನೆ ಕೇಳಲೆಂದು ಚಾರ್ಜಿಗೆ ಹಾಕಿದ್ದಳು. ಅದು ವೈಫೈ ಹಿಡಿದು, ತನ್ನಲ್ಲಿರುವ ಇನ್ನೂರು ಚಿಲ್ಲರೆ ಚಿತ್ರಗಳು ಪೆಟ್ಟಿಗೆಯಲ್ಲಿ ಇಲ್ಲವೆಂದು ಕಂಡು, ಪ್ರಾಮಾಣಿಕವಾಗಿ ಮತ್ತೆ ತುಂಬಿಸಿತು. ‘ಇದು ಬೇಕೆಂದೇ ಅಳಿಸಿದ್ದು, ಮತ್ತೆ ತೆಗೆದುಕೊಳ್ಳಬೇಡ’ ಎಂದು ಪೆಟ್ಟಿಗೆಗೆ ಹೇಳುವ ಒಂದು ಗುಂಡಿ ಎಲ್ಲೂ ಇಲ್ಲ. ಉಳಿಸುವುದಕ್ಕೆ ಇವರು ಎಷ್ಟು ತಲೆ ಓಡಿಸಿದ್ದಾರೋ, ಅಳಿಸುವುದಕ್ಕೆ ಅದರ ಕಾಲು ಭಾಗವೂ ಓಡಿಸಿಲ್ಲ. ಸಹಾಯವಾಣಿಗೆ ಬರೆದರೆ, ಅಳಿಸಿದ್ದನ್ನು ಮರಳಿ ಪಡೆಯುವ ಕ್ರಮವನ್ನು ಚಿತ್ರಸಹಿತ ಕಳುಹಿಸಿದರು.

ಆ ಮೂರು ವಾರಗಳಲ್ಲಿ ನನಗೆ ನನ್ನ ಮೇಲೂ ಬೇಸರ ಬಂದಿತ್ತು. ನನ್ನ ದತ್ತಾಂಶ ನನ್ನ ಮನೆಯಲ್ಲಿ ಎಂದು ಎಲ್ಲರೆದುರು ಕೊಚ್ಚಿಕೊಂಡವನು ನಾನು. ಆ 1,140 ಚಿತ್ರಗಳಲ್ಲಿ ನಾನಿದ್ದದ್ದು ಹನ್ನೊಂದರಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ತೆರೆದು ಓದಿದೆ. 12ನೆಯ ಕಲಮಿನಲ್ಲಿ ಅಳಿಸಿಹಾಕಿ ಎಂದು ಕೇಳುವ ಹಕ್ಕಿದೆ. 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಿದ್ದ ಮೇಲೆ ಅದು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವನ್ನೂ ಇಟ್ಟಿದ್ದಾರೆ. ಆದರೆ 3ನೆಯ ಕಲಮು, ವ್ಯಕ್ತಿಯೊಬ್ಬ ತನ್ನ ಸ್ವಂತದ ಅಥವಾ ಮನೆಯ ಕೆಲಸಕ್ಕೆ ಬಳಸುವ ದತ್ತಾಂಶಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ. ಸರಿಯೇ ಇದೆ, ಮನೆಮನೆಯ ಆಲ್ಬಮ್ಮಿಗೂ ಕಾನೂನು ಬಂದರೆ ಕಷ್ಟ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕನ್ನು ತಂಗಿ ಸರ್ಕಾರದ ಮುಂದೆ ಇಡಬಹುದು. ಅಣ್ಣನ ಮುಂದೆ ಇಡಲು ಅವಳಿಗಿರುವುದು ಊಟವಾದ ಮೇಲಿನ ಆ ಒಂದು ಮಾತು ಮಾತ್ರ.

ಇಷ್ಟರಲ್ಲಿ ಅಮ್ಮ ಒಂದು ಪ್ರಶ್ನೆ ಎತ್ತಿದಳು: “ಅಜ್ಜಿಯ ಚಿತ್ರಗಳೂ ಹೋದವೇ?” ಅಜ್ಜಿ ತೀರಿಕೊಂಡದ್ದು ಅದೇ 2019ರ ಮಳೆಗಾಲದಲ್ಲಿ. ಅವಳು ರೇಷ್ಮೆ ಸೀರೆ ಉಟ್ಟು ನಗುತ್ತಿರುವ ಕೊನೆಯ ಚಿತ್ರಗಳು ಆ ಮದುವೆಯವೇ. ಪೆಟ್ಟಿಗೆಯಿಂದ ಎಲ್ಲವನ್ನೂ ಕಿತ್ತಿದ್ದರೂ, ಶಿವಮೊಗ್ಗದಿಂದ ತಂದ ಡಿಸ್ಕನ್ನು ಮಾತ್ರ ನಾನು ಇನ್ನೂ ಮುಟ್ಟಿರಲಿಲ್ಲ. ಸೋಮಾರಿತನ ಒಮ್ಮೊಮ್ಮೆ ಕೈಹಿಡಿಯುತ್ತದೆ.

ದಾರಿ ತೋರಿಸಿದವಳು ತಂಗಿಯೇ. ಅವಳ ವಕೀಲರು ಹಿಂದೊಮ್ಮೆ ಹೇಳಿದ್ದರಂತೆ: 2017ರ ಜನವರಿಯಲ್ಲಿ, ಮಗಳ ಮದುವೆ ವ್ಯಾಜ್ಯದ ಆದೇಶದಲ್ಲಿ ಅವಳ ಹೆಸರು ಅಂತರ್ಜಾಲದಲ್ಲಿ ಹುಡುಕಿದರೆ ಸಿಗಬಾರದೆಂದು ತಂದೆಯೊಬ್ಬರು ಕೇಳಿಕೊಂಡಾಗ ಕರ್ನಾಟಕ ಹೈಕೋರ್ಟ್ ಒಪ್ಪಿ ರಿಜಿಸ್ಟ್ರಿಗೆ ಸೂಚಿಸಿತು. ಆದರೆ ಪ್ರಮಾಣೀಕೃತ ಪ್ರತಿ ಕೇಳಿ ಪಡೆದರೆ ಅದರಲ್ಲಿ ಹೆಸರು ಇರುತ್ತದೆ ಎಂದೂ ಹೇಳಿತು. “ಸುಡಬೇಡ, ಆದರೆ ಯಾರಿಗೂ ಎದುರಾಗಬಾರದು. ಬೀಗದ ಕೈ ನನ್ನ ಹತ್ತಿರ ಇರಲಿ” ಎಂದಳು.

ಅದಕ್ಕೆ ಈ ಪೆಟ್ಟಿಗೆಯಲ್ಲಿ ಅನುಕೂಲವಿತ್ತು. ಅಲ್ಲಿಯವರೆಗೆ ನಾನು ಸುಮ್ಮನೆ ದಾಟಿಹೋಗುತ್ತಿದ್ದ ಆಯ್ಕೆ. ಗೂಢಲಿಪೀಕರಿಸಿದ ಫೋಲ್ಡರ್. ಗುಪ್ತಪದವನ್ನು ತಂಗಿ ತಾನೇ ಟೈಪಿಸಿದಳು, ನಾನು ಅಡುಗೆಮನೆಗೆ ಹೋಗಿ ನಿಂತೆ. ಪೆಟ್ಟಿಗೆ ಒಮ್ಮೆ ಆರಿ ಹೊತ್ತಿದರೆ ಆ ಫೋಲ್ಡರ್ ಮುಚ್ಚಿಕೊಂಡೇ ಇರುತ್ತದೆ. ಅವಳು ಬಂದು ತೆರೆದರೆ ಮಾತ್ರ ತೆರೆಯುತ್ತದೆ. ಮೇಲ್ವಿಚಾರಕ ಎಂದು ದೊಡ್ಡದಾಗಿ ಹೆಸರಿರುವ ನನಗೂ ಕಾಣುವುದು ಅರ್ಥವಿಲ್ಲದ ಅಕ್ಷರಗಳ ಸಾಲು. ಅವಳು ಗುಪ್ತಪದ ಮರೆತರೆ ಎಲ್ಲವೂ ಹೋಯಿತು. ಅದು ಅವಳಿಗೆ ಗೊತ್ತು.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರು ಇಲ್ಲಿ ಕಿವಿಗೊಡಬೇಕು. ಈ ಬೀಗದ ಫೋಲ್ಡರ್‌ನೊಳಗೆ ಹೆಸರು 143 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು: ಅಕ್ಷರಕ್ಕೆ ಮೂರು, ಗುಣಿಸಿದ ಗುರುತಿಗೆ ಮೂರು, ಒತ್ತು ಮೂಡಿಸಲು ನಡುವೆ ಅಡಗಿರುವ ಅರ್ಧಾಕ್ಷರದ ಗುರುತಿಗೂ ಮೂರು. ‘ಅಜ್ಜಿ’ ಎಂದರೆ ಹದಿನೈದು ಬೈಟ್. ಮಳೆಗಾಲದ ಸಂಜೆಗಳಲ್ಲಿ ಅಮ್ಮನನ್ನು ಕೇಳಿ ಕೇಳಿ ಬರೆದ ಹೆಸರುಗಳು ನನ್ನವು. ‘ಅಜ್ಜಿ ಧಾರೆ ಮಂಟಪದ ಪಕ್ಕ ವೀಳ್ಯದೆಲೆ ಮಡಿಸುತ್ತಿರುವುದು’ ಎಂಬುದು, ಮುಂದಿನ ತಾರೀಖು ಮತ್ತು ಕೊನೆಯ ‘.jpg’ ಸೇರಿ 146 ಬೈಟ್. ಒಂದೇ ಒಂದು ಚಿಹ್ನೆ ಹೆಚ್ಚಾಯಿತೆಂದು ಪೆಟ್ಟಿಗೆ ಒಳಗೆ ಬಿಡಲಿಲ್ಲ. ‘ಪಕ್ಕ’ವನ್ನು ‘ಬಳಿ’ ಮಾಡಿದರೆ ಸರಿಹೋಗುತ್ತಿತ್ತು. ಹಟಕ್ಕೆ ಬಿದ್ದು ಆ ಚಿತ್ರವನ್ನು ಕತ್ತರಿಸಿ, ಅಜ್ಜಿಯನ್ನೂ ವೀಳ್ಯದೆಲೆಯನ್ನೂ ಮಾತ್ರ ಉಳಿಸಿ, ತಂಗಿಗೆ ತೋರಿಸಿ ಒಪ್ಪಿಗೆ ಪಡೆದು ಹೊರಗಿನ ಫೋಲ್ಡರ್‌ನಲ್ಲೇ ಇಟ್ಟೆ. ಅಂಥವು ಒಟ್ಟು ಒಂಬತ್ತು.

ಕೊಳ್ಳಬೇಕೇ ಎಂದು ಕೇಳಿದರೆ: ಮನೆಯಲ್ಲಿ ಒಬ್ಬರಿಗಾದರೂ ತಿಂಗಳಿಗೊಂದು ಭಾನುವಾರ ಇದಕ್ಕೆ ಕೊಡುವ ವ್ಯವಧಾನವಿದ್ದರೆ ಕೊಳ್ಳಿ. ಹೊರಗಿನಿಂದ ನೋಡಲು ಸ್ವಲ್ಪ ಒದ್ದಾಟವಿದೆ. ನಮ್ಮ ಫೈಬರ್ ಸಂಪರ್ಕದವರು ಅನೇಕ ಮನೆಗಳಿಗೆ ಒಂದೇ ಐಪಿ ವಿಳಾಸ ಹಂಚುವುದರಿಂದ ಕಂಪನಿಯ ಸರ್ವರ್ ಮೂಲಕ ಸುತ್ತಿ ಬರಬೇಕು, ವಿಡಿಯೊ ತಡೆತಡೆದು ಓಡುತ್ತದೆ. ಮೊದಲ ದಿನವೇ ಸ್ನ್ಯಾಪ್‌ಶಾಟ್‌ಗಳ ಅವಧಿಯನ್ನು ಒಂದು ತಿಂಗಳಿಗೆ ಇಳಿಸಿ. ಹಳೆಯ ಮೊಬೈಲುಗಳಿಂದ ಆ್ಯಪ್ ತೆಗೆದುಹಾಕಿ. ನನ್ನಿಂದ ಮೂರೂವರೆ ನಕ್ಷತ್ರ. ಅಮ್ಮನನ್ನು ಕೇಳಿದರೆ ಐದೇ.

ಕಳೆದ ವರ್ಷ ಮೇ ಒಂಬತ್ತರಂದು ನಾನು ಮಂಡಿಯಿಂದ ಬೇಗ ಬಂದು ಟಿ.ವಿ. ಹತ್ತಿರವೇ ಕೂತಿದ್ದೆ. ಕಟಕಟ, ಗುಂಯ್. ‘ಮೂರು ವರ್ಷಗಳ ಹಿಂದೆ ಈ ದಿನ’ ಎಂದು ಬಂದದ್ದು ತಾರಸಿಯ ಮೇಲೆ ಒಣಗಲು ಹಾಕಿದ ಹಲಸಿನ ಹಪ್ಪಳ. ಅಮ್ಮ ತೆಗೆದದ್ದು, ಇಪ್ಪತ್ತಮೂರು ಚಿತ್ರ, ಎಲ್ಲವೂ ಒಂದೇ. ಒಂದೇ ಥರದ ಚಿತ್ರಗಳನ್ನು ಗುರುತಿಸಿ ಒಂದನ್ನೇ ತೋರಿಸುವ ಸೌಲಭ್ಯವಿದೆ ಎಂದು ಡಬ್ಬದ ಮೇಲೆ ಬರೆದಿದೆ. ಕೆಲಸ ಮಾಡುವುದಿಲ್ಲ.